ಮಿಕ್ಕ ಮೂವತ್ತಮೂರು ಮಂದಿ

ಪ್ರವಾಸವೆಂದರೆ ಶಾಲೆಯ ಮಕ್ಕಳಿಗೆ ಹಬ್ಬ. ರಾಣೆಬೆನ್ನೂರಿನ ಒಂದು ಪ್ರಾಥಮಿಕ ಶಾಲೆಯ ಮಕ್ಕಳು ಕನಕದಾಸರ ಕಾಗಿನೆಲೆಯನ್ನು ನೋಡಲು ಹೊರಟಿದ್ದಾರೆಂದು ಓದುಗರು ಭಾವಿಸಿಕೊಳ್ಳಲಿ. ಹೊರಟವರು 137 ಮಂದಿ. ಒಂದು ಬಸ್ಸಿನಲ್ಲಿ 52 ಆಸನಗಳು. ಎಷ್ಟು ಬಸ್ಸುಗಳನ್ನು ಗೊತ್ತುಮಾಡಬೇಕು? ನಾಲ್ಕನೆಯ ಇಯತ್ತೆಯ ಹುಡುಗನೊಬ್ಬನನ್ನು ಗುರುಗಳು ಕರಿಹಲಗೆಯ ಬಳಿಗೆ ಕರೆಯುತ್ತಾರೆ. ಹುಡುಗ ಜಾಣ. ಸುಣ್ಣದ ಕಡ್ಡಿ ಹಿಡಿದು ಚಕಚಕನೆ ಗೀಟೆಳೆಯುತ್ತಾನೆ, 52 ಎರಡಲೆ 104 ಎಂದು ಬರೆಯುತ್ತಾನೆ, ಕಳೆಯುತ್ತಾನೆ, ಕೈಗಂಟಿದ ಪುಡಿಯನ್ನು ಚಡ್ಡಿಗೆ ಒರಸಿಕೊಂಡು ತಿರುಗಿ ನಿಲ್ಲುತ್ತಾನೆ.

“ಹೇಳಪಾ, ಎಷ್ಟು ಬಸ್ಸು ಬೇಕು?”

“ಎರಡು ಬಸ್ಸು, ಮೂವತ್ತಮೂರು ಶೇಷ ರೀ ಸರ್.”

“ಆ ಮೂವತ್ತಮೂರು ಮಂದಿ ಎಲ್ಲಿ ಅದಾರ?”

ಹುಡುಗ ಒಮ್ಮೆ ಹಲಗೆಯ ಕಡೆ ನೋಡುತ್ತಾನೆ. ಲೆಕ್ಕದ ತುದಿಯಲ್ಲಿ, ಕಟ್ಟಕಡೆಯ ಗೀಟಿನಡಿಯಲ್ಲಿ 33 ಕುಳಿತಿದೆ. ಬೆರಳು ತೋರಿಸಿ ಹೇಳುತ್ತಾನೆ: “ಕೆಳಗ ಅದಾರ್ರೀ.”

ತರಗತಿ ಗೊಳ್ಳೆಂದು ನಗುತ್ತದೆ. ನಗು ನಿಂತ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಅವನ ನೆರವಿಗೆ ಬರುತ್ತಾಳೆ: “ಅವರು ಸಾಲ್ಯಾಗ ಉಳದಾರ್ರೀ ಸರ್. ಶೇಷ ಅಂದ್ರ ಉಳದವರು ಅಲ್ರೀ?”

ಈ ಚಿತ್ರ ಕಲ್ಪಿತವಾದರೂ ಇದರಲ್ಲಿನ ತಪ್ಪು ಕಲ್ಪಿತವಲ್ಲ. ಮಕ್ಕಳ ಪಾಟೀಚೀಲವನ್ನು ಬಿಚ್ಚಿ ಅಭ್ಯಾಸದ ಪುಸ್ತಕಗಳನ್ನು ತಿರುವಿ ನೋಡುವ ತಾಯ್ತಂದೆಗಳಿಗೆ “2 ಬಸ್ಸುಗಳು, ಶೇಷ 33” ಎಂಬಂಥ ಉತ್ತರಗಳು ಹೊಸವಲ್ಲ. ಅವುಗಳ ಪಕ್ಕದಲ್ಲಿ ಕೆಂಪು ಶಾಯಿಯ ಸರಿಗುರುತು ಇರುವುದೂ ಉಂಟು. ಭಾಗಾಕಾರ ಸರಿಯಾಗಿದೆಯಲ್ಲ, ಮತ್ತೇನು ಬೇಕು ಎಂದು ಹಿರಿಯರೂ ಪುಸ್ತಕವನ್ನು ಮುಚ್ಚಿಡುತ್ತಾರೆ. ಆದರೆ ಆ ಲೆಕ್ಕದಂತೆ ನಡೆದರೆ ಪ್ರವಾಸದ ದಿನ ಮುಂಜಾನೆ ಬುತ್ತಿ ಕಟ್ಟಿಕೊಂಡು ಬಂದ 33 ಮಕ್ಕಳು ಶಾಲೆಯ ಅಂಗಳದಲ್ಲಿಯೇ ನಿಲ್ಲಬೇಕಾಗುತ್ತದೆ. ಭಾಗಾಕಾರ ಸರಿ; ಉತ್ತರ ತಪ್ಪು.

ಈ ತಪ್ಪು ಹಾವೇರಿ ಜಿಲ್ಲೆಯ ಸೊತ್ತೇನೂ ಅಲ್ಲ. ಅಮೆರಿಕದಲ್ಲಿ ರಾಷ್ಟ್ರಮಟ್ಟದ ಗಣಿತ ಪರೀಕ್ಷೆಯೊಂದರಲ್ಲಿ 13 ವರ್ಷದ ಮಕ್ಕಳಿಗೆ ಇಂಥದೇ ಪ್ರಶ್ನೆಯನ್ನು ಕೊಟ್ಟಿದ್ದರು. ಅದರ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಸೈನ್ಯದ ಒಂದು ಬಸ್ಸಿನಲ್ಲಿ 36 ಸೈನಿಕರು ಕೂಡಬಹುದು. 1128 ಸೈನಿಕರನ್ನು ತರಬೇತಿಯ ಸ್ಥಳಕ್ಕೆ ಒಯ್ಯಲು ಎಷ್ಟು ಬಸ್ಸುಗಳು ಬೇಕು? ನೂರರಲ್ಲಿ ಸುಮಾರು 70 ಮಕ್ಕಳು ಭಾಗಾಕಾರವನ್ನು ತಪ್ಪಿಲ್ಲದೆ ಮಾಡಿದರು. ಆದರೆ 29 ಮಂದಿ “31, ಶೇಷ 12” ಎಂದು ಬರೆದರು. 18 ಮಂದಿ ಶೇಷವನ್ನು ಒರೆಸಿಹಾಕಿ 31 ಎಂದರು. 32 ಬಸ್ಸುಗಳು ಬೇಕೆಂದು ಹೇಳಿದವರು ನೂರಕ್ಕೆ 23 ಮಾತ್ರ. ಶ್ರೀಮಂತ ದೇಶ, ನಮ್ಮ ಹುಡುಗನಿಗಿಂತ ನಾಲ್ಕು ವರ್ಷ ದೊಡ್ಡವರಾದ ಮಕ್ಕಳು. ಆದರೂ ಅವರ 12 ಸೈನಿಕರು ರಸ್ತೆಯಲ್ಲಿಯೇ ಉಳಿದರು.

ನಮ್ಮ ದೇಶದಲ್ಲಿ ಹಳ್ಳಿಗಳ ಮಕ್ಕಳ ಓದುಬರಹವನ್ನು ಅಳೆಯುವ ‘ಅಸರ್’ ಸಮೀಕ್ಷೆಯಲ್ಲಿಯೂ ಭಾಗಾಕಾರಕ್ಕೆ ಸ್ಥಾನವಿದೆ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಿ, ಭಾಗಲಬ್ಧವನ್ನೂ ಶೇಷವನ್ನೂ ಹೇಳಬೇಕು. 2024ರಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ನೂರಕ್ಕೆ 30.7ರಷ್ಟು ಮಂದಿಗೆ ಇದು ಸಾಧ್ಯವಾಯಿತು. ಅಂದರೆ ಮೊದಲನೆಯ ಮೆಟ್ಟಿಲನ್ನೇ ಹತ್ತದವರು ಬಹಳ ಮಂದಿ. ಹತ್ತಿದವರಿಗಾದರೂ ಅಲ್ಲಿ ಕೇಳುವುದು ಶೇಷ ಎಷ್ಟೆಂಬುದನ್ನು ಮಾತ್ರ. ಆ ಶೇಷದ ಅರ್ಥವೇನೆಂಬ ಎರಡನೆಯ ಮೆಟ್ಟಿಲು ಆ ಅಳತೆಗೆ ಸೇರಿದುದಲ್ಲ.

ಬ್ಯಾಡಗಿಯ ಚೀಲಗಳು

ಶೇಷವೆಂಬುದನ್ನು ಏನು ಮಾಡಬೇಕು? ಬಿಡಬೇಕೆ, ಒಂದನ್ನು ಕೂಡಿಸಿಕೊಳ್ಳಬೇಕೆ, ಒಡೆದು ಹಂಚಬೇಕೆ? ಭಾಗಾಕಾರದ ವಿಧಾನವು ಈ ವಿಷಯದಲ್ಲಿ ಮೂಕವಾಗಿದೆ. ಉತ್ತರ ಇರುವುದು ಪ್ರಶ್ನೆಯಲ್ಲಿ. ಇದನ್ನು ಕಾಣಬೇಕಾದರೆ ಪಠ್ಯಪುಸ್ತಕಕ್ಕಿಂತ ಬ್ಯಾಡಗಿಯ ಮಾರುಕಟ್ಟೆ ಲೇಸು.

ಸುಗ್ಗಿಯ ದಿನಗಳಲ್ಲಿ ಅಲ್ಲಿಗೆ ಹೋದವರನ್ನು ಮೊದಲು ಎದುರುಗೊಳ್ಳುವುದು ಘಾಟು. ಸೀನು ಮುಗಿದ ಮೇಲೆ ಕಾಣುವುದು ಕೆಂಪು. ಒಣಗಿ ಸುಕ್ಕುಗಟ್ಟಿದ ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣಕ್ಕಾಗಿಯೇ ಅದಕ್ಕೆ ದೇಶವಿದೇಶಗಳ ಗಿರಾಕಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಅಲ್ಲಿಗೆ ಒಬ್ಬ ರೈತ 530 ಕಿಲೋ ಕಾಯಿಯನ್ನು ತರುವವನಿದ್ದಾನೆನ್ನೋಣ. ಒಂದು ಚೀಲಕ್ಕೆ 40 ಕಿಲೋ ತುಂಬುವುದೆಂದು ಇಟ್ಟುಕೊಂಡರೆ 530ನ್ನು 40ರಿಂದ ಭಾಗಿಸಬೇಕು. ಭಾಗಲಬ್ಧ 13, ಶೇಷ 10. ಇಷ್ಟು ಆದ ಮೇಲೆಯೇ ಲೆಕ್ಕ ಆರಂಭವಾಗುವುದು.

ತುಂಬಿದ ಚೀಲಗಳೆಷ್ಟು ಎಂದು ಹಮಾಲರು ಕೇಳಿದರೆ ಉತ್ತರ 13. ಇಲ್ಲಿ ಶೇಷಕ್ಕೆ ಲೆಕ್ಕವಿಲ್ಲ. ಹೊಲದಿಂದ ಹೊರಡುವಾಗ ಎಷ್ಟು ಖಾಲಿ ಚೀಲಗಳನ್ನು ಹಿಡಿದುಕೊಳ್ಳಲಿ ಎಂದು ಮಗ ಕೇಳಿದರೆ ಉತ್ತರ 14. 13 ಎಂದು ಹೇಳಿದ ತಂದೆ ಹತ್ತು ಕಿಲೋ ಕಾಯಿಯನ್ನು ದಾರಿಯಲ್ಲಿ ಸುರಿಯಬೇಕಾದೀತು. ಕೊನೆಯ ಚೀಲದಲ್ಲಿ ಎಷ್ಟಿದೆ ಎಂದು ತೂಗುವವನು ಕೇಳಿದರೆ ಉತ್ತರ 10 ಕಿಲೋ. ಆಗ ಶೇಷವೇ ಉತ್ತರ, ಭಾಗಲಬ್ಧ ಅಪ್ರಸ್ತುತ. ಅದೇ 530 ಕಿಲೋವನ್ನು 40 ಮನೆಗಳವರು ಸಮನಾಗಿ ಹಂಚಿಕೊಳ್ಳುವುದಾದರೆ ಮನೆಗೆ ಹದಿಮೂರೂಕಾಲು ಕಿಲೋ. ಇಲ್ಲಿ ಶೇಷ ಮಾಯವಾಗಿ 250 ಗ್ರಾಮಾಗಿ ಪ್ರತಿಯೊಬ್ಬರ ಪಾಲಿಗೂ ಹೋಯಿತು.

ಅಂಕಿಗಳು ಅವೇ, ಗುಣಿಸಿದ್ದೂ ಕಳೆದದ್ದೂ ಅದೇ. ಉತ್ತರಗಳು ಮಾತ್ರ ನಾಲ್ಕು. ಯಾವುದೊಂದನ್ನೂ ತಪ್ಪೆನ್ನುವಂತಿಲ್ಲ, ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಹೇಳಿದರೆ ತಪ್ಪು. “530 ÷ 40 ಎಷ್ಟು?” ಎಂದಷ್ಟೇ ಕೇಳಿ ಮುಂದೆ ಸಾಗುವ ಪಾಠದಲ್ಲಿ ಈ ನಾಲ್ಕರ ಭೇದ ಮಗುವಿಗೆ ತೋರುವ ಸಂಭವವೇ ಇಲ್ಲ.

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಮುಖ್ಯ ವಹಿವಾಟು ಸೋಮವಾರ, ಗುರುವಾರಗಳಂದು. ಸೋಮವಾರ ಬಂದು ಹೋದ ರೈತನೊಬ್ಬ ಉಳಿದ ಕಾಯಿಯೊಡನೆ 38 ದಿನಗಳ ಮೇಲೆ ಬರುವೆನೆಂದರೆ, ಅಂದು ಪೇಟೆ ಇರುವುದೋ ಇಲ್ಲವೋ? 38ನ್ನು 7ರಿಂದ ಭಾಗಿಸಿದರೆ ಐದು ವಾರ, ಮಿಕ್ಕದ್ದು ಮೂರು ದಿನ. ಸೋಮವಾರಕ್ಕೆ ಮೂರು ಕೂಡಿದರೆ ಗುರುವಾರ; ಪೇಟೆ ಇದ್ದೇ ಇದೆ. ಐದು ವಾರಗಳು ಸದ್ದಿಲ್ಲದೆ ಜಾರಿಹೋದವು. ಕೆಲಸಕ್ಕೆ ಬಂದದ್ದು ಶೇಷವೊಂದೇ. ಪಂಚಾಂಗದ ಲೆಕ್ಕವೆಲ್ಲ ಬಹುಮಟ್ಟಿಗೆ ಇಂಥ ಶೇಷಗಳ ಲೆಕ್ಕವೇ.

ಹಾವೇರಿಯ ಏಲಕ್ಕಿ ಮಾಲೆಯದು ಇದಕ್ಕೆ ತದ್ವಿರುದ್ಧ. ಮಲೆನಾಡಿನ ಏಲಕ್ಕಿ ಬಯಲುಸೀಮೆಯ ಈ ಊರಿಗೆ ಬಂದು, ದಾರ ಮಣಿಗಳೊಡನೆ ಹೆಣೆದು ಹಾರವಾಗಿ, ಸಭೆ ಸಮಾರಂಭಗಳಲ್ಲಿ ದೊಡ್ಡವರ ಕೊರಳನ್ನು ಅಲಂಕರಿಸುತ್ತದೆ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದುದು ಏಲಕ್ಕಿಯ ಕಂಪಿನ ಈ ಊರಿನಲ್ಲಿಯೇ. ಒಂದು ಮಾಲೆಗೆ 120 ಏಲಕ್ಕಿ ಬೇಕೆಂದುಕೊಂಡರೆ 1000 ಏಲಕ್ಕಿಯಲ್ಲಿ ಎಷ್ಟು ಮಾಲೆಗಳಾಗುವುವು? ಎಂಟು. ಮಿಕ್ಕ ನಲವತ್ತರಿಂದ ಮಾಲೆಯ ಮೂರನೆಯ ಒಂದು ಪಾಲು ಆದೀತು. ಆದರೆ ಮೂರನೆಯ ಒಂದು ಪಾಲಿನ ಮಾಲೆಯನ್ನು ಯಾವ ಅಧ್ಯಕ್ಷರ ಕೊರಳಿಗೂ ಹಾಕಲಾಗದು. ಬಸ್ಸಿನ ಲೆಕ್ಕದಲ್ಲಿ ಒಂದನ್ನು ಏರಿಸಿಕೊಂಡ ಹುಡುಗ ಅದೇ ಹುರುಪಿನಲ್ಲಿ ಇಲ್ಲಿಯೂ ಒಂಬತ್ತು ಎಂದರೆ ಹಾರ ಹೆಣೆಯುವವರು ನಕ್ಕಾರು.

ಆಣೆ ಪೈಗಳ ಕಾಲ

ಹಿಂದಿನವರಿಗೆ ಈ ಎಡವಟ್ಟು ಇದ್ದಿತೆ? ಇದ್ದಿತು, ಆದರೆ ಅವರ ನಾಣ್ಯವೇ ಅವರಿಗೆ ಸ್ವಲ್ಪ ಪಾಠ ಹೇಳುತ್ತಿದ್ದಿತು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಜಾರಿಗೆ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. 25 ರೂಪಾಯಿಗಳನ್ನು ಆರು ಮಂದಿ ಅಣ್ಣತಮ್ಮಂದಿರು ಹಂಚಿಕೊಳ್ಳಬೇಕು. ತಲೆಗೆ ನಾಲ್ಕು ರೂಪಾಯಿ. ಮಿಕ್ಕದ್ದು ಒಂದು ರೂಪಾಯಿ. ಅದನ್ನು ಮುರಿಸಿದರೆ 16 ಆಣೆ. ತಲೆಗೆ ಎರಡಾಣೆ ಹೋಗಿ ನಾಲ್ಕಾಣೆ ಮಿಕ್ಕಿತು. ಅದನ್ನೂ ಮುರಿಸಿದರೆ 48 ಪೈ, ತಲೆಗೆ ಎಂಟೆಂಟು. ಕೊನೆಗೆ ಒಬ್ಬೊಬ್ಬನ ಪಾಲು ನಾಲ್ಕು ರೂಪಾಯಿ ಎರಡಾಣೆ ಎಂಟು ಪೈ, ಉಳಿದದ್ದು ಸೊನ್ನೆ.

ಆ ಲೆಕ್ಕ ಪ್ರಯಾಸದ್ದೆಂಬುದರಲ್ಲಿ ಸಂಶಯವಿಲ್ಲ. ಅದು ಹೋದುದಕ್ಕೆ ಯಾವ ವಿದ್ಯಾರ್ಥಿಯೂ ಕಣ್ಣೀರಿಟ್ಟಿರಲಾರ. ಆದರೂ ಅದರಲ್ಲೊಂದು ಗುಣವಿದ್ದಿತು. ಶೇಷವನ್ನು ಹೆಜ್ಜೆಹೆಜ್ಜೆಗೂ ಕೈಯಲ್ಲಿ ಹಿಡಿದು, “ಇದು ಏನು? ರೂಪಾಯಿಯೋ ಆಣೆಯೋ? ಇದನ್ನು ಮುರಿಸಬಹುದೋ?” ಎಂದು ಕೇಳಿಕೊಳ್ಳದೆ ಮುಂದೆ ಸಾಗುವಂತಿರಲಿಲ್ಲ. ಇಂದಿನ ಗಣಕಯಂತ್ರಕ್ಕೆ ಅದೇ ಲೆಕ್ಕವನ್ನು ಕೊಟ್ಟರೆ 4.1666 ಎಂದು ಕಿಟಕಿ ತುಂಬುವವರೆಗೂ ಆರುಗಳನ್ನು ಸುರಿಯುತ್ತದೆ. ಅದರಲ್ಲಿ ಶೇಷ ಎಲ್ಲಿದೆ, ಅದು ಏನು ಎಂದು ಕೇಳಿದರೆ ಉತ್ತರವಿಲ್ಲ.

ಅರ್ಧಕ್ಕಿಂತ ಹೆಚ್ಚಾದರೆ ಏರಿಸು, ಕಡಿಮೆಯಾದರೆ ಬಿಡು ಎಂಬ ಇನ್ನೊಂದು ಸೂತ್ರವನ್ನು ಮಕ್ಕಳು ಮುಂದಿನ ತರಗತಿಗಳಲ್ಲಿ ಕಲಿಯುತ್ತಾರೆ. ಅದನ್ನು ಇಲ್ಲಿಗೆ ತಂದರೆ ಮತ್ತೊಂದು ಅನರ್ಥ. ಎನ್.ಸಿ.ಇ.ಆರ್.ಟಿ. ಸಂಸ್ಥೆಯು 2007ರಲ್ಲಿ ಹೊರತಂದ ನಾಲ್ಕನೆಯ ತರಗತಿಯ ‘ಮ್ಯಾಥ್-ಮ್ಯಾಜಿಕ್’ ಪುಸ್ತಕದಲ್ಲಿ ಭೋಪಾಲದ ಪ್ರವಾಸವೆಂಬ ಪಾಠವಿದ್ದಿತು. 210 ಮಕ್ಕಳು, ಬಸ್ಸಿಗೆ 50 ಆಸನ, ನಾಲ್ಕು ಬಸ್ಸು ಸಾಕೆಂದು ಒಬ್ಬರ ಅಂದಾಜು. ಯಂತ್ರದ ಉತ್ತರ 4.2, ಅರ್ಧಕ್ಕಿಂತ ಕಡಿಮೆಯಾದ್ದರಿಂದ ಬಿಡು ಎಂದರೆ ನಾಲ್ಕೇ ಬಸ್ಸು. ಹತ್ತು ಮಕ್ಕಳಿಗೆ ಜಾಗವಿಲ್ಲ! ಆ ಪಾಠದ ಸೊಗಸು ಎಲ್ಲಿದ್ದಿತೆಂದರೆ, ಅದು ಮೊದಲೇ “ಭಾಗಿಸು” ಎಂದು ಹೇಳದೆ, ಎಷ್ಟು ಮಕ್ಕಳಿಗೆ ಆಸನ ದೊರೆಯಿತು, ಎಷ್ಟು ಮಂದಿಗೆ ದೊರೆಯಲಿಲ್ಲ ಎಂದು ಕೇಳುತ್ತಿದ್ದಿತು. ಶೇಷವನ್ನು ಅಂಕಿಯಾಗಿ ಅಲ್ಲ, ಬಸ್ಸಿನ ಬಾಗಿಲಲ್ಲಿ ನಿಂತ ಮಕ್ಕಳಾಗಿ ಕಾಣಿಸುತ್ತಿದ್ದಿತು.

‘ಶೇಷ’ ಎಂಬ ಮಾತಿನ ಹಿರಿತನವನ್ನು ನೋಡಿದರೆ ಅದನ್ನು ಲೆಕ್ಕದ ಕೆಳಗೆ ಹೀಗೆ ಅನಾಥವಾಗಿ ಬಿಡುವುದು ಸಲ್ಲದು. ಸಕಲವೂ ಲಯವಾದ ಮೇಲೆ ಉಳಿಯುವವನು ಶೇಷನೆಂದು ಪುರಾಣ. ದೇವರಿಗೆ ಅರ್ಪಿಸಿ ಉಳಿದ ಹೂವು ಪ್ರಸಾದಗಳಿಗೂ ಶೇಷವೆಂದೇ ಹೆಸರು. ಸಾಲದ ಶೇಷ, ಬೆಂಕಿಯ ಶೇಷ, ಹಗೆಯ ಶೇಷಗಳನ್ನು ಉಳಿಸಬಾರದೆಂದು ನೀತಿಕಾರರು ಎಚ್ಚರಿಸಿದ್ದಾರೆ. ಕಣ್ಣಿಗೊತ್ತಿಕೊಳ್ಳುವ ಶೇಷವೂ ಉಂಟು, ಆರಿಸಿಹಾಕಬೇಕಾದ ಶೇಷವೂ ಉಂಟು. ಭಾಷೆಗೆ ಈ ವಿವೇಕ ಎಂದೋ ತಿಳಿದಿದೆ.

ನಮ್ಮ ನಾಡಿನ ಗಣಿತಕ್ಕೂ ತಿಳಿದಿತ್ತು. ಹಾವೇರಿ ಜಿಲ್ಲೆಯ ಬಂಕಾಪುರಕ್ಕೆ ಆ ಹೆಸರು ಬಂದುದು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಸೇನಾನಿ ಬಂಕೆಯನಿಂದ. ಅದೇ ನೃಪತುಂಗನನ್ನು ತನ್ನ ಗ್ರಂಥದ ಮೊದಲಲ್ಲಿ ಕೊಂಡಾಡಿರುವ ಜೈನ ಗಣಿತಜ್ಞ ಮಹಾವೀರಾಚಾರ್ಯ ಸುಮಾರು ಕ್ರಿ.ಶ. 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಸಂಸ್ಕೃತದ ಆ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷಿಗೆ ಅನುವಾದಿಸಿ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಅದರಲ್ಲಿ ಕುಟ್ಟೀಕಾರವೆಂಬ ಗಣಿತವನ್ನು ಹೇಳುವಲ್ಲಿ ಒಂದು ಚೆಲುವಾದ ಸಮಸ್ಯೆಯಿದೆ. ಹಣ್ಣಿನ ಮರಗಳಿಂದ ತುಂಬಿದ ಕಾಡಿನ ಅಂಚಿಗೆ ಬಂದ 23 ಮಂದಿ ದಾರಿಹೋಕರಿಗೆ ಬಾಳೆಹಣ್ಣಿನ 63 ಸಮ ರಾಶಿಗಳೂ ಬಿಡಿಯಾಗಿ 7 ಹಣ್ಣುಗಳೂ ದೊರೆತವು. ಎಲ್ಲವನ್ನೂ ಸಮನಾಗಿ ಹಂಚಿಕೊಂಡಾಗ ಏನೂ ಉಳಿಯಲಿಲ್ಲ. ಒಂದೊಂದು ರಾಶಿಯಲ್ಲಿ ಎಷ್ಟು ಹಣ್ಣುಗಳಿದ್ದವು?

ಬೀಜಗಣಿತವಿಲ್ಲದೆಯೇ ಮಕ್ಕಳು ಇದನ್ನು ಬಿಡಿಸಬಹುದು. ರಾಶಿಗೆ ಒಂದೇ ಹಣ್ಣಾದರೆ ಒಟ್ಟು 70. 23 ಮಂದಿಗೆ ಹಂಚಿದರೆ 1 ಮಿಗುತ್ತದೆ. ಎರಡಾದರೆ ಒಟ್ಟು 133; 18 ಮಿಗುತ್ತವೆ. ಮೂರಾದರೆ 12, ನಾಲ್ಕಾದರೆ 6. ಮಿಗುವುದು ಆರಾರರಂತೆ ಇಳಿಯುತ್ತಿರುವುದನ್ನು ಕಂಡ ಮಗು ಮುಂದಿನದನ್ನು ಭಾಗಿಸುವ ಮೊದಲೇ ಹೇಳಿಬಿಡುತ್ತದೆ. ಐದಾದರೆ ಒಟ್ಟು 322. ತಲೆಗೆ 14, ಉಳಿದದ್ದು ಏನೂ ಇಲ್ಲ. ಇಲ್ಲಿ ಶೇಷವು ಲೆಕ್ಕದ ಕಸವಲ್ಲ, ದಾರಿ ತೋರುವ ದೀಪ. ಸಾವಿರದ ನೂರು ವರ್ಷಗಳ ಹಿಂದೆ ಕನ್ನಡ ನಾಡಿನ ದೊರೆಯೊಬ್ಬನ ಆಶ್ರಯದ ಕಾಲದಲ್ಲಿ ಹುಟ್ಟಿದ ಈ ಲೆಕ್ಕ ಇಂದಿನ ಪಾಠಗಳಲ್ಲಿ ಏಕೆ ಕಾಣಸಿಗುವುದಿಲ್ಲವೆಂಬುದು ಸೋಜಿಗ.

ಪೇಟೆಯಲ್ಲಿ ಜಾಣ, ಶಾಲೆಯಲ್ಲಿ ಕೋಣ

ಹಾಗಾದರೆ ಮಕ್ಕಳು ಎಲ್ಲಿ ದಾರಿ ತಪ್ಪುತ್ತಾರೆ? ಬುದ್ಧಿ ಸಾಲದುದರಿಂದಲ್ಲ. ತಾಯಿಯೊಡನೆ ಸಂತೆಯಲ್ಲಿ ಕಾಯಿಪಲ್ಲೆ ಮಾರಲು ಕೂಡುವ ಹುಡುಗ ಚಿಲ್ಲರೆಯಲ್ಲಿ ಒಂದು ರೂಪಾಯಿ ತಪ್ಪುವುದಿಲ್ಲ. ಅವನೇ ತರಗತಿಯಲ್ಲಿ ತಡವರಿಸುತ್ತಾನೆ. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಮೂವರು ಸಂಶೋಧಕರು ಈ ವಿಚಿತ್ರವನ್ನೇ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳ ಬಳಿ ಗಿರಾಕಿಗಳಂತೆ ಹೋಗಿ ಲೆಕ್ಕ ಕೇಳಿದಾಗ ನೂರಕ್ಕೆ 98ರಷ್ಟು ಉತ್ತರಗಳು ಸರಿಯಾಗಿದ್ದವು. ಅದೇ ಲೆಕ್ಕಗಳನ್ನು ಕಥೆಯ ರೂಪದಲ್ಲಿ ಕೊಟ್ಟಾಗ ಸುಮಾರು 74ಕ್ಕೆ ಇಳಿಯಿತು. ಬರಿಯ ಅಂಕಿಗಳಾಗಿ ಕಾಗದದ ಮೇಲೆ ಕೊಟ್ಟಾಗ 37ಕ್ಕೆ. ಹನ್ನೆರಡು ವರ್ಷದ ಹುಡುಗನೊಬ್ಬ ಹತ್ತು ತೆಂಗಿನಕಾಯಿಗಳ ಬೆಲೆಯನ್ನು, ಮೂರಕ್ಕೆ ಇಷ್ಟು, ಇನ್ನು ಮೂರಕ್ಕೆ ಇಷ್ಟು ಎಂದು ಕೂಡಿಸುತ್ತ ಹೋಗಿ ತಪ್ಪಿಲ್ಲದೆ ಹೇಳಿದನು. ಹತ್ತರಿಂದ ಗುಣಿಸಲು ಸೊನ್ನೆ ಹಚ್ಚುವ ಶಾಲೆಯ ಉಪಾಯ ಅವನಿಗೆ ಹೊಳೆಯಲೇ ಇಲ್ಲ. ಐವರೇ ಮಕ್ಕಳಾದ್ದರಿಂದ ಇದನ್ನು ಲೋಕನಿಯಮವೆನ್ನಲಾಗದು. ಆದರೆ ಸಂತೆ ಕಂಡವರಾರೂ ಇದನ್ನು ಸುಳ್ಳೆನ್ನಲಾರರು.

ಶಾಲೆಯ ಲೆಕ್ಕವೆಂದರೆ ಲೋಕಕ್ಕೆ ಸಂಬಂಧಿಸಿದುದಲ್ಲವೆಂಬ ನಂಬಿಕೆ ಮಗುವಿನ ಮನಸ್ಸಿನಲ್ಲಿ ಮೆಲ್ಲನೆ ಬೇರೂರುತ್ತದೆ. ಅದು ವಾಕ್ಯವನ್ನು ಓದುವುದಿಲ್ಲ. ಗುರುತಿನ ಮಾತುಗಳನ್ನು ಹುಡುಕುತ್ತದೆ. ‘ಒಟ್ಟು’ ಎಂದಿದ್ದರೆ ಕೂಡು, ‘ಉಳಿದ’ ಎಂದಿದ್ದರೆ ಕಳೆ, ‘ತಲಾ’, ‘ಸಮನಾಗಿ’ ಎಂದಿದ್ದರೆ ಭಾಗಿಸು. ಇದನ್ನು ಉಪಾಯವೆಂದು ಹೇಳಿಕೊಡುವ ಕೈಪಿಡಿಗಳೂ ಇವೆ. ಈ ಅಭ್ಯಾಸ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಫ್ರಾನ್ಸಿನ ಗ್ರೆನೋಬಲ್ ನಗರದಲ್ಲಿ 1980ರ ಸುಮಾರಿಗೆ ಕೇಳಿದ ಒಂದು ಪ್ರಶ್ನೆ ಪ್ರಸಿದ್ಧವಾಗಿದೆ. ಹಡಗಿನಲ್ಲಿ 26 ಕುರಿಗಳೂ 10 ಆಡುಗಳೂ ಇವೆ, ಕಪ್ತಾನನ ವಯಸ್ಸೆಷ್ಟು? 97 ಎಳೆಯ ಮಕ್ಕಳಲ್ಲಿ 76 ಮಂದಿ ಅಂಕಿಗಳನ್ನು ಹೇಗೋ ಹೊಂದಿಸಿ ವಯಸ್ಸನ್ನು ಹೇಳಿಬಿಟ್ಟರು! ಮಕ್ಕಳನ್ನು ನೋಡಿ ನಗುವ ಮೊದಲು ಹಿರಿಯರು ಒಂದು ಮಾತನ್ನು ನೆನೆಯಬೇಕು: “ಈ ಪ್ರಶ್ನೆಗೆ ಅರ್ಥವಿಲ್ಲ” ಎಂದು ಹೇಳುವ ಸ್ವಾತಂತ್ರ್ಯವನ್ನು ಆ ಮಕ್ಕಳಿಗೆ ಯಾರೂ ಕೊಟ್ಟಿರಲಿಲ್ಲ.

ಇಲ್ಲೊಂದು ಅನ್ಯಾಯವೂ ಆಗುವುದುಂಟು. ಲೆಕ್ಕವನ್ನು ಬಾಯಲ್ಲಿಯೇ ಮಾಡಿ “ಮೂರು ಬಸ್ಸು ಬೇಕು” ಎಂದು ಬರೆದ ಮಗುವಿಗೆ, ಹಂತಗಳನ್ನು ತೋರಿಸಿಲ್ಲವೆಂದು, ಶೇಷವನ್ನು ಬರೆದಿಲ್ಲವೆಂದು ಅಂಕ ಕಡಿಮೆ. “2, ಶೇಷ 33” ಎಂದು ಬರೆದು ನೆರೆಯವರನ್ನು ರಸ್ತೆಯಲ್ಲಿ ಬಿಟ್ಟುಬಂದ ಮಗುವಿಗೆ ಪೂರ್ಣ ಅಂಕ. ಮುಂದಿನ ಸಲ ಮೊದಲನೆಯ ಮಗುವೂ ತನ್ನ ವಿವೇಕವನ್ನು ಬಾಗಿಲಾಚೆ ಇಟ್ಟು ಒಳಗೆ ಬರುತ್ತದೆ. ಲೆಕ್ಕ ತಪ್ಪುವುದಕ್ಕಿಂತ ಇದು ದೊಡ್ಡ ನಷ್ಟ. ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, 1993ರಲ್ಲಿ ಪ್ರಕಟವಾದುದು, 540 ಮಂದಿಗೆ ನಲವತ್ತು ಆಸನದ ಬಸ್ಸುಗಳೆಷ್ಟು ಬೇಕೆಂದು ಕೇಳಿ, ಉತ್ತರದ ಕಾರಣವನ್ನೂ ಬರೆಯಿಸಿದರು. ಹದಿಮೂರು ದೊಡ್ಡ ಬಸ್ಸು ಸಾಕು, ಮಿಕ್ಕವರಿಗೆ ಸಣ್ಣ ಗಾಡಿಯೊಂದನ್ನು ತರಿಸಬಹುದು ಎಂಬಂಥ ಉತ್ತರವೂ ಅಲ್ಲಿ ಬಂದಿತು. ಉತ್ತರಪಟ್ಟಿಯಲ್ಲಿ ಇರಲಾರದ ಉತ್ತರ. ಆದರೆ ಖರ್ಚು ಬಲ್ಲ ಮುಖ್ಯೋಪಾಧ್ಯಾಯರಾರೂ ಅದನ್ನು ತಪ್ಪೆನ್ನಲಾರರು. ಕಾರಣವನ್ನು ಕೇಳದಿದ್ದರೆ ಆ ಮಗುವಿನ ಜಾಣ್ಮೆ ಹೊರಬೀಳುತ್ತಲೇ ಇರಲಿಲ್ಲ.

ಮನೆಯಲ್ಲಿ ಇದಕ್ಕೆ ಬಹಳ ಸಿದ್ಧತೆಯೇನೂ ಬೇಕಾಗಿಲ್ಲ. ಉತ್ತರವನ್ನು ಬರಿಯ ಅಂಕಿಯಲ್ಲಿ ಒಪ್ಪಿಕೊಳ್ಳದೆ ತುಂಬುವಾಕ್ಯದಲ್ಲಿ ಹೇಳಿಸಿದರೆ ಅರ್ಧ ಕೆಲಸ ಮುಗಿದಂತೆ. “ಎರಡು ಬಸ್ಸುಗಳು ತುಂಬಿದವು, 33 ಮಕ್ಕಳು ಇನ್ನೂ ಕೆಳಗೆ ನಿಂತಿದ್ದಾರೆ” ಎಂದು ತನ್ನ ಬಾಯಿಂದಲೇ ಹೇಳಿದ ಮಗು ಮುಂದಿನ ಮಾತನ್ನು ತಾನಾಗಿಯೇ ಹೇಳುತ್ತದೆ. ಊಟದ ಹೊತ್ತಿನಲ್ಲಿ 23 ಜೋಳದ ರೊಟ್ಟಿಗಳನ್ನು ಐವರಿಗೆ ಹಂಚಲು ಹೇಳಿ ನೋಡಬಹುದು: ತಲೆಗೆ ನಾಲ್ಕು, ಮಿಕ್ಕ ಮೂರನ್ನು ಮುರಿದು ಕೊಡಬಹುದು, ಅಥವಾ ಹಸಿದ ಅಣ್ಣನಿಗೆ ಬಿಡಬಹುದು. ಅದೇ 18 ಬಲೂನುಗಳನ್ನು ನಾಲ್ವರು ಮೊಮ್ಮಕ್ಕಳಿಗೆ ಅಜ್ಜ ಹಂಚಬೇಕಾದರೆ? ಬೆಲ್ಜಿಯಂ ದೇಶದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಈ ಪ್ರಶ್ನೆಯನ್ನು ಕೇಳಿದ್ದರು. ತಲೆಗೆ ನಾಲ್ಕೂವರೆ ಬಲೂನು ಎಂದು ನಿರ್ವಿಕಾರವಾಗಿ ಬರೆದವರು ಅಲ್ಲಿಯೂ ಇದ್ದರು. ರೊಟ್ಟಿ ಮುರಿಯುತ್ತದೆ, ಬಲೂನು ಒಡೆಯುತ್ತದೆ. ಈ ಭೇದವನ್ನು ತಿಳಿಯಲು ಮಗುವಿಗೆ ಗಣಿತ ಬೇಕಾಗಿಲ್ಲ, ಗಣಿತದ ಹೊತ್ತಿನಲ್ಲಿ ಅದನ್ನು ಮರೆಯದಿದ್ದರೆ ಸಾಕು.

ಇನ್ನೂ ಒಳ್ಳೆಯ ಉಪಾಯವೆಂದರೆ ಲೆಕ್ಕವನ್ನು ಕೊಟ್ಟು ಕಥೆಯನ್ನು ಮಗುವಿನಿಂದಲೇ ಕಟ್ಟಿಸುವುದು. 26 ಭಾಗಿಸು 4. ಉತ್ತರ ಆರು ಬರುವಂತೆ ಒಂದು ಕಥೆ, ಏಳು ಬರುವಂತೆ ಒಂದು, ಆರೂವರೆ ಬರುವಂತೆ ಒಂದು, ಎರಡು ಬರುವಂತೆ ಒಂದು. ನಾಲ್ಕು ಕಥೆಗಳನ್ನು ಕಟ್ಟಬಲ್ಲ ಮಗುವಿಗೆ ಬೇರೆ ಪರೀಕ್ಷೆ ಬೇಕಿಲ್ಲ. ಆದರೆ “ಬಿಡು, ಏರಿಸು, ಹಂಚು” ಎಂದು ಗೋಡೆಗೆ ಬಣ್ಣದ ಪಟ್ಟಿ ಅಂಟಿಸಿ, ಬಸ್ಸು ಬಂದರೆ ಏರಿಸು, ಮಾಲೆ ಬಂದರೆ ಬಿಡು ಎಂದು ಬಾಯಿಪಾಠ ಮಾಡಿಸಿದರೆ ಹಳೆಯ ರೋಗಕ್ಕೆ ಹೊಸ ಹೆಸರಿಟ್ಟಂತೆಯೇ. ಬಸ್ಸಿನ ಲೆಕ್ಕದಲ್ಲಿಯೇ “ತುಂಬಿದ ಬಸ್ಸುಗಳೆಷ್ಟು?” ಎಂದು ಕೇಳಿದರೆ ಆ ಪಟ್ಟಿ ಕೈಕೊಡುತ್ತದೆ.

ಬಿಸಿಯೂಟದ ಮೊಟ್ಟೆ

ಈ ಲೆಕ್ಕ ಪ್ರವಾಸಕ್ಕೆ ಮೀಸಲಾದುದೂ ಅಲ್ಲ. ಶಾಲೆಯ ಅಡುಗೆಮನೆಯಲ್ಲಿ ಅದು ದಿನವೂ ಎದುರಾಗುತ್ತದೆ. ಕರ್ನಾಟಕದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆಯನ್ನೂ, ಮೊಟ್ಟೆಯನ್ನೊಲ್ಲದವರಿಗೆ ಬಾಳೆಹಣ್ಣನ್ನೂ ಕೊಡುವ ಏರ್ಪಾಡನ್ನು 2024ರಲ್ಲಿ ವಾರದ ಆರು ದಿನಗಳಿಗೂ ವಿಸ್ತರಿಸಲಾಯಿತು. ಮೊಟ್ಟೆ ಬರುವುದು ಮೂವತ್ತರ ಟ್ರೇಗಳಲ್ಲಿ. ನಮ್ಮ ಶಾಲೆಯ 137 ಮಕ್ಕಳೂ ಮೊಟ್ಟೆ ತಿನ್ನುವವರೇ ಆದರೆ ದಿನಕ್ಕೆ ಎಷ್ಟು ಟ್ರೇ ಬೇಕು? ಭಾಗಲಬ್ಧ 4, ಶೇಷ 17. ನಾಲ್ಕೇ ಟ್ರೇ ತಂದರೆ 17 ಮಕ್ಕಳ ತಟ್ಟೆ ಬರಿದು. ಆದುದರಿಂದ ಐದು ಬೇಕು. ತರಗತಿಯ ಹಿಂದಿನ ಸಾಲಿನವರೂ ಈಗ ಇದನ್ನು ಒಪ್ಪುತ್ತಾರೆ.

ಹಾಗಾದರೆ ಆರು ದಿನಕ್ಕೆ ಐದಾರಲೆ ಮೂವತ್ತು ಟ್ರೇಗಳಲ್ಲವೆ? ಅವಸರ ಬೇಡ. ಮೊದಲ ದಿನ ಐದು ಟ್ರೇಗಳಲ್ಲಿ 150 ಮೊಟ್ಟೆಗಳು ಬಂದು 13 ಮಿಕ್ಕಿವೆ. ಮಂಗಳವಾರ ಬೇಕಾದುದು 124 ಮಾತ್ರ. ನಾಲ್ಕು ಟ್ರೇ ತಂದರೆ ನಾಲ್ಕು ಮಕ್ಕಳಿಗೆ ಸಾಲದು, ಆದ್ದರಿಂದ ಮತ್ತೆ ಐದು. ಸಂಜೆಗೆ 26 ಮಿಕ್ಕವು. ಬುಧವಾರ 111 ಸಾಕು. ನಾಲ್ಕೇ ಟ್ರೇ, ಮಿಕ್ಕದ್ದು 9. ಗುರುವಾರ ಐದು, ಶುಕ್ರವಾರ ನಾಲ್ಕು, ಶನಿವಾರ ಐದು. ಕೂಡಿದರೆ 28. ಆರು ದಿನಕ್ಕೆ ಬೇಕಾದ 822 ಮೊಟ್ಟೆಗಳನ್ನು ಒಂದೇ ಸಲ ಮೂವತ್ತರಿಂದ ಭಾಗಿಸಿದರೂ 27 ಬಂದು 12 ಮಿಗುತ್ತದೆ. ಅಂದರೆ 28 ಟ್ರೇಗಳೇ. ದಿನದ ಶೇಷವನ್ನು ಮರುದಿನದ ಲೆಕ್ಕಕ್ಕೆ ಸೇರಿಸಿಕೊಂಡುದರಿಂದ ಎರಡು ಟ್ರೇಗಳು, ಎಂದರೆ 60 ಮೊಟ್ಟೆಗಳ ಹಣ, ಉಳಿಯಿತು.

ಶನಿವಾರ ಊಟವಾದ ಮೇಲೆ ಮಿಗುವ ಮೊಟ್ಟೆಗಳು 18. ಅವನ್ನು ಸೋಮವಾರದವರೆಗೆ ಇಡಬಹುದೋ ಬಾರದೋ, ಅಂದು ಎಷ್ಟು ಟ್ರೇ ತರಿಸಬೇಕು ಎಂಬುದನ್ನು ನಾಲ್ಕನೆಯ ಇಯತ್ತೆಯವರು ಅಡುಗೆಯ ಅಮ್ಮನವರನ್ನು ಕೇಳಿಕೊಂಡು ಬಂದು ಹೇಳಬೇಕು.